ಹಳೆಯ ಕಾರಿನ ಡ್ಯಾಶ್‌ಬೋರ್ಡು: ಬಿಸಿಲಿನಿಂದ ಅದರ ಸಂರಕ್ಷಣೆ

ಲೆಕ್ಕಪತ್ರಗಳ ದೃಷ್ಟಿಯಲ್ಲಿ ಮೋಟಾರು ವಾಹನವು ಕೊಂಡ ದಿನದಿಂದಲೇ ಬೆಲೆ ಕಳೆದುಕೊಳ್ಳತೊಡಗುವ ಆಸ್ತಿ. ವರ್ಷಕ್ಕೆ ಶೇಕಡ 15ರಂತೆ ಸವಕಳಿಯನ್ನು ಕಳೆಯುತ್ತ ಹೋದರೆ ಇಪ್ಪತ್ತೈದು ವರ್ಷಗಳ ಅನಂತರ ಕೊಂಡ ಬೆಲೆಯ ಪ್ರತಿ ರೂಪಾಯಿಯಲ್ಲಿ ಎರಡು ಪೈಸೆಯೂ ಉಳಿಯುವುದಿಲ್ಲ. ಆದರೆ ಮನೆಯವರ ಲೆಕ್ಕ ಬೇರೆ. ನಮ್ಮ ತೀರ್ಥರೂಪರು 1997ರಲ್ಲಿ ಹುಬ್ಬಳ್ಳಿಯಲ್ಲಿ ಕೊಂಡ ಕಾರು ಅವರೊಂದಿಗೇ ಹೈದರಾಬಾದಿಗೆ ಬಂದು, ಇಂದಿಗೂ ನಮ್ಮ ಮನೆಯ ಸದಸ್ಯನಂತೆ ಇದೆ. ಯಂತ್ರಕ್ಕೆ ದೋಷವಿಲ್ಲ. ಆದರೆ ಅದರ ಡ್ಯಾಶ್‌ಬೋರ್ಡು ಬಿಸಿಲಿಗೆ ಬಿರಿಯತೊಡಗಿದಾಗ ಇದು ಕೇವಲ ಅಂದಚೆಂದದ ವಿಷಯವೆಂದು ನಾನು ಉದಾಸೀನ ಮಾಡಿದ್ದೆ. ಆ ಉದಾಸೀನ ಸಲ್ಲದೆಂಬುದು ಒಂದು ರಾತ್ರಿ ಮನವರಿಕೆಯಾಯಿತು.

ಕಾಚಿಗುಡದಲ್ಲಿ ಕನ್ನಡ ಕಾರ್ಯಕ್ರಮವೊಂದನ್ನು ಮುಗಿಸಿಕೊಂಡು ತೀರ್ಥರೂಪರೊಂದಿಗೆ ಹಿಂದಿರುಗುತ್ತಿದ್ದೆ. ಎದುರಿನಿಂದ ಬಂದ ಲಾರಿಯ ದೀಪಗಳ ಬೆಳಕು ಬಿದ್ದೊಡನೆ ಮುಂಗಾಜೆಲ್ಲ ಹಾಲು ಬಳಿದಂತೆ ಬೆಳ್ಳಗಾಯಿತು. ಮುಂದೆ ಏನಿದೆಯೆಂಬುದೇ ತಿಳಿಯದಾಯಿತು. “ಏ ತಮ್ಮಾ, ಗಾಡಿ ನೋಡು!” ಎಂದು ಅವರು ಕೂಗದಿದ್ದರೆ, ಬಾಳೆಹಣ್ಣಿನ ತಳ್ಳುಗಾಡಿಯನ್ನು ನೂಕಿಕೊಂಡು ರಸ್ತೆ ದಾಟುತ್ತಿದ್ದ ಆ ಬಡವನ ಗತಿ ಏನಾಗುತ್ತಿತ್ತೋ! ಬ್ರೇಕು ಹಾಕಿ ಗಾಡಿ ನಿಲ್ಲಿಸಿದಾಗ ನಮ್ಮ ನಡುವೆ ಎರಡು ಮೊಳದ ಅಂತರವಿತ್ತು. ಮರುದಿನ ಬೆಳಿಗ್ಗೆ ಮುಂಗಾಜಿನ ಒಳಬದಿಗೆ ಬೆರಳು ತಾಗಿಸಿ ನೋಡಿದೆ. ಬೆರಳಿಗೆ ಎಣ್ಣೆಯಂಥ ಜಿಡ್ಡು ಅಂಟಿತು. ಆ ಜಿಡ್ಡಿನ ಮೂಲವನ್ನು ಹುಡುಕಹೊರಟ ನನಗೆ ದೊರೆತದ್ದು ಡ್ಯಾಶ್‌ಬೋರ್ಡಿನ ಬಿರುಕುಗಳ ಕಾರಣವೇ.

ಬಿರುಕು ಬಿಡುವುದೇಕೆ?

ಅನೇಕ ಹಳೆಯ ಕಾರುಗಳ ಡ್ಯಾಶ್‌ಬೋರ್ಡಿನ ಮೇಲ್ಪದರವು ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನದು. ಅದರ ಕೆಳಗೆ ಮೆತ್ತನೆಯ ಫೋಮು ಇರುವುದುಂಟು. ಪಿ.ವಿ.ಸಿ. ಸ್ವಭಾವತಃ ಗಡುಸು, ಮನೆಯ ನೀರಿನ ಕೊಳವೆಗಳು ಅದರಿಂದಲೇ ಆದವು. ಅದನ್ನು ರೆಕ್ಸಿನ್ನಿನಂತೆ ಮೆದುಗೊಳಿಸಲು ತಯಾರಿಕೆಯಲ್ಲಿಯೇ ಎಣ್ಣೆಯಂಥ ದ್ರವಗಳನ್ನು ಬೆರೆಸುತ್ತಾರೆ. ಕಾರು ಬಿಸಿಲಿನಲ್ಲಿ ಕಾದಂತೆಲ್ಲ ಈ ದ್ರವವು ಅಲ್ಪಾಲ್ಪವಾಗಿ ಆವಿಯಾಗಿ, ಗಾಜಿನ ಒಳಮೈಗೆ ತಾಗಿ, ತೆಳುವಾದ ಪೊರೆಯಾಗಿ ಕೂಡುತ್ತದೆ. ಅತ್ತ ದ್ರವವನ್ನು ಕಳೆದುಕೊಂಡ ಮೇಲ್ಪದರವು ಗಡುಸಾಗಿ ಕುಗ್ಗುತ್ತದೆ. ಹಗಲು ಹಿಗ್ಗಿ ಇರುಳು ಕುಗ್ಗುವ ಈ ಎಳೆದಾಟದಲ್ಲಿ, ಸ್ಪೀಕರಿನ ಜಾಲರಿ, ಗಾಳಿಕಿಂಡಿ, ಮೂಲೆ ಮೊದಲಾದ ದುರ್ಬಲ ಸ್ಥಳಗಳಲ್ಲಿ ಅದು ಸೀಳುತ್ತದೆ.

ಎರಡನೆಯ ಶತ್ರು ಅತಿನೇರಳೆ ಕಿರಣಗಳು. ಇವು ಪ್ಲಾಸ್ಟಿಕ್ಕಿನ ಅಣುಸರಪಣಿಗಳನ್ನೇ ಕತ್ತರಿಸಿ, ಬಣ್ಣವನ್ನು ಮಾಸಿಸುತ್ತವೆ. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪೊರೆಯನ್ನಿಟ್ಟು ಮಾಡಿದ ಮುಂಗಾಜು ಇಂಥ ಕಿರಣಗಳ ಬಹುಪಾಲನ್ನು ತಡೆಯುತ್ತದೆ. ಆದರೆ ಪಕ್ಕದ ಒಂಟಿ ಗಾಜುಗಳ ಮೂಲಕ ಅವು ಗಣನೀಯವಾಗಿ ಒಳಬರುತ್ತವೆ. ಬೆಳಕು ಮತ್ತು ಶಾಖವಂತೂ ಮುಂಗಾಜಿನಿಂದಲೇ ಧಾರಾಳವಾಗಿ ಹಾಯ್ದು, ಒಳಗೆ ಸೆರೆಯಾಗುತ್ತವೆ.

ಈ ಶಾಖದ ಪ್ರಮಾಣವೆಷ್ಟು? ಅಮೆರಿಕೆಯ ಅರಿಜೋನಾ ಪ್ರಾಂತದಲ್ಲಿ ಕಾರುಗಳನ್ನು ಬೇಸಿಗೆಯಲ್ಲಿ ನಿಲ್ಲಿಸಿ ಅಳತೆ ಮಾಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿ ಸೆಂಟಿಗ್ರೇಡ್, ಸ್ಟಿಯರಿಂಗ್ ಚಕ್ರ 53, ಡ್ಯಾಶ್‌ಬೋರ್ಡು 69 ಡಿಗ್ರಿ ಇತ್ತು. ನೆರಳಿನಲ್ಲಿ ನಿಂತ ಕಾರುಗಳಲ್ಲಿ ಡ್ಯಾಶ್‌ಬೋರ್ಡು 48 ಡಿಗ್ರಿಗೆ ನಿಂತಿತ್ತು. ನೆರಳೊಂದರಿಂದಲೇ 21 ಡಿಗ್ರಿಗಳ ಲಾಭ! ಯಾವ ಠೇವಣಿಯೂ ಇಷ್ಟು ಸುಲಭವಾಗಿ ಇಂಥ ಬಡ್ಡಿ ಕೊಡಲಾರದು.

ಪ್ರೀತಿಯಿಂದ ಆಗುವ ಹಾನಿ

ತೀರ್ಥರೂಪರು ಪ್ರತಿ ಭಾನುವಾರ ಡ್ಯಾಶ್‌ಬೋರ್ಡಿಗೆ ಕೊಬ್ಬರಿ ಎಣ್ಣೆ ಸವರುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. “ತೊಗಲಿಗೆ ಎಣ್ಣಿ ಹಚ್ಚದಿದ್ರ ಬಿರಕ ಬಿಡತೈತಿ” ಎಂಬುದು ಅವರ ವಾದ. ಚಕ್ಕಡಿಯ ತೊಗಲಿನ ಸಾಮಾನುಗಳಿಗೆ ಎಣ್ಣೆ ಹಚ್ಚುವುದನ್ನು ನೋಡಿ ಬೆಳೆದ ಅವರಿಗೆ ಅದು ಸಹಜ. ತೊಗಲಿನ ಮಟ್ಟಿಗೆ ಅವರ ಮಾತು ಸತ್ಯವೇ; ಅದು ಎಣ್ಣೆಯನ್ನು ಹೀರಿ ಮೆದುವಾಗುತ್ತದೆ. ಪ್ಲಾಸ್ಟಿಕ್ಕಾದರೋ ಕಳೆದುಕೊಂಡ ದ್ರವವನ್ನು ಕೊಬ್ಬರಿ ಎಣ್ಣೆಯಿಂದ ಮರಳಿ ಪಡೆಯಲಾರದು. ಎಣ್ಣೆಯು ಮೇಲೆಯೇ ನಿಂತು, ಧೂಳನ್ನು ಹಿಡಿದು, ಕಮಟು ವಾಸನೆ ಬರುತ್ತದೆ. ಅದರ ಹೊಳಪು ಮುಂಗಾಜಿನಲ್ಲಿ ಪ್ರತಿಫಲಿಸಿ ಚಾಲಕನ ಕಣ್ಣು ಕುಕ್ಕುತ್ತದೆ. ಪೆಟ್ರೋಲು, ಸೀಮೆಎಣ್ಣೆ, ಥಿನ್ನರುಗಳನ್ನು ಎಂದಿಗೂ ಬಳಸಬಾರದು. 2020ರ ಕೊರೋನಾ ಕಾಲದಿಂದ ರೂಢಿಯಾದ ಸ್ಯಾನಿಟೈಸರನ್ನು ಮತ್ತೆ ಮತ್ತೆ ಉಜ್ಜುವುದೂ ಸಲ್ಲದು.

ಇದನ್ನು ತೀರ್ಥರೂಪರಿಗೆ ತಿಳಿಸಲು ನನಗೆ ಸಂಕೋಚವಾಯಿತು. ಆದರೆ ಆ ರಾತ್ರಿಯ ತಳ್ಳುಗಾಡಿ ನಮ್ಮಿಬ್ಬರಿಗೂ ನೆನಪಿತ್ತು. ಅವರು ಎಲ್ಲವನ್ನೂ ಕೇಳಿ, ಎಣ್ಣೆಯ ಸೀಸೆಯನ್ನು ತಾವೇ ಅಡಿಗೆಮನೆಗೆ ಒಯ್ದಿಟ್ಟರು.

ಮಾಡಬೇಕಾದುದೇನು?

ಒಂದನೆಯದಾಗಿ, ನೆರಳು. ಗಂಟೆಗಟ್ಟಲೆ ಕಾರನ್ನು ಬಿಡುವುದಾದರೆ ಹತ್ತು ಹೆಜ್ಜೆ ಹೆಚ್ಚು ನಡೆದರೂ ಚಿಂತೆಯಿಲ್ಲ, ಮರದ ಅಥವಾ ಕಟ್ಟಡದ ನೆರಳನ್ನು ಹುಡುಕಬೇಕು. ಬೆಳಗಿನ ನೆರಳು ಮಧ್ಯಾಹ್ನ ಅಲ್ಲಿರುವುದಿಲ್ಲವೆಂಬುದನ್ನು ಮರೆಯಬಾರದು.

ಎರಡನೆಯದಾಗಿ, ದಿಕ್ಕು. ನೆರಳಿಲ್ಲದಿದ್ದರೆ ಕಾರಿನ ಮೂತಿ ಉತ್ತರಕ್ಕಿರುವಂತೆ ನಿಲ್ಲಿಸುವುದು ಲೇಸು. ವರ್ಷದ ಹೆಚ್ಚು ಭಾಗ ನಮ್ಮಲ್ಲಿ ನಡುಹಗಲಿನ ಸೂರ್ಯನು ದಕ್ಷಿಣಕ್ಕೆ ವಾಲಿರುತ್ತಾನೆ. ಹೈದರಾಬಾದಿನಲ್ಲಿ ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ, ಚೆನ್ನೈಯಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಾತ್ರ ಅವನು ತುಸು ಉತ್ತರಕ್ಕೆ ಸರಿಯುತ್ತಾನೆ. ದೆಹಲಿಯಲ್ಲಂತೂ ನಡುಹಗಲಿನಲ್ಲಿ ಅವನು ಎಂದಿಗೂ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗುವುದಿಲ್ಲ. ಪಶ್ಚಿಮಾಭಿಮುಖವಾಗಿ ನಿಲ್ಲಿಸಿದ ಕಾರಿಗೆ ಸಂಜೆಯ ಓರೆ ಬಿಸಿಲು ನೇರವಾಗಿ ಹೊಡೆಯುತ್ತದೆ.

ಮೂರನೆಯದಾಗಿ, ಪರದೆ. ಬೆಳ್ಳಿಬಣ್ಣದ ಮಡಿಚುವ ತಡಿಕೆಯನ್ನು ಮುಂಗಾಜಿನ ಒಳಬದಿಗೆ ಒತ್ತಿ ಇಡುವುದು ಅಗ್ಗವೂ ಪರಿಣಾಮಕಾರಿಯೂ ಆದ ಉಪಾಯ. ಬೆಳಕನ್ನು ಡ್ಯಾಶ್‌ಬೋರ್ಡು ತಲುಪುವ ಮೊದಲೇ ಅದು ಹೊರಕ್ಕೆ ಹಿಂದಿರುಗಿಸುತ್ತದೆ. ಕಪ್ಪು ಹಾಳೆಗಳನ್ನು ಅಂಟಿಸುವ ಮೊದಲು ಕಾನೂನನ್ನು ನೆನೆಯಬೇಕು. ಮುಂದಿನ, ಹಿಂದಿನ ಗಾಜುಗಳು ಶೇಕಡ 70ರಷ್ಟು, ಪಕ್ಕದವು ಶೇಕಡ 50ರಷ್ಟು ಬೆಳಕನ್ನು ಬಿಡಬೇಕೆಂಬ ನಿಯಮವಿದೆ. 2012ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಹಾಳೆಗಳ ವಿರುದ್ಧ ತೀರ್ಪಿತ್ತಿತು; ಅನಂತರ ನಿಯಮಗಳಿಗೆ ತಿದ್ದುಪಡಿಗಳೂ ಆಗಿವೆ. ತೆಗೆದಿಡಬಹುದಾದ ಪರದೆಗೆ ಈ ತೊಡಕುಗಳಿಲ್ಲ.

ನಾಲ್ಕನೆಯದಾಗಿ, ಶುಚಿ. ವಾರಕ್ಕೊಮ್ಮೆ ಹಳೆಯ ಪಂಚೆಯ ಮೆತ್ತನೆಯ ತುಂಡನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒರೆಸಿದರೆ ಸಾಕು. ಜಿಡ್ಡಿದ್ದರೆ ನೀರಿಗೆ ಎರಡು ಹನಿ ಸೌಮ್ಯ ಸಾಬೂನು ಬೆರೆಸಬಹುದು. ಬಿಸಿಲಿನಿಂದ ರಕ್ಷಿಸುವ ಲೇಪವನ್ನು ಕೊಳ್ಳುವುದಾದರೆ, ನೀರಿನಲ್ಲಿ ಕರಗಿಸಿದ, ಹೊಳಪಿಲ್ಲದ, ಅತಿನೇರಳೆ ಕಿರಣಗಳನ್ನು ತಡೆಯುವ ಬಗೆಯದನ್ನೇ ಆರಿಸಬೇಕು. ಲೇಪಿಸಿ, ಒಣಬಟ್ಟೆಯಿಂದ ಒರೆಸಿಬಿಡಬೇಕು. ಸ್ಟಿಯರಿಂಗ್ ಚಕ್ರಕ್ಕೂ ಕಾಲಿನ ಪೆಡಲುಗಳಿಗೂ ಇದನ್ನು ತಾಗಿಸಕೂಡದು, ಜಾರಿದರೆ ಅನಾಹುತ. ಮುಂಗಾಜಿನ ಒಳಬದಿಯ ಪೊರೆಯನ್ನೂ ತಿಂಗಳಿಗೊಮ್ಮೆಯಾದರೂ ತೆಗೆಯಬೇಕು.

ಈಗಾಗಲೇ ಬಿರುಕಿದ್ದರೆ? ಬಿರಿದ ಪ್ಲಾಸ್ಟಿಕ್ಕು ಕೂಡಿಕೊಳ್ಳುವುದಿಲ್ಲ. ಸೀಟು ಹೊಲಿಯುವ ನುರಿತ ಕುಶಲಿಗನಿಂದ ಹೊಸ ರೆಕ್ಸಿನ್ ಹೊದಿಸಬಹುದು, ಇಲ್ಲವೇ ಅಳತೆಗೆ ಕತ್ತರಿಸಿದ ಬಟ್ಟೆಯ ಹೊದಿಕೆಯನ್ನು ಹಾಸಬಹುದು. ಹೊದಿಕೆ ಹೊಳಪಿಲ್ಲದ ಕಡುಬಣ್ಣದ್ದಾಗಿರಲಿ. ಗಾಳಿಕಿಂಡಿಗಳನ್ನು ಅದು ಮುಚ್ಚಬಾರದು. ಏರ್‌ಬ್ಯಾಗಿರುವ ಕಾರಿನಲ್ಲಿ ಅದರ ಮುಚ್ಚಳದ ಮೇಲೆ ಏನನ್ನೂ ಹಾಸಬಾರದು, ಅಂಟಿಸಬಾರದು. ದೇವರ ವಿಗ್ರಹವನ್ನು ಸಹ ಅಲ್ಲಿ ಇಡುವುದು ತರವಲ್ಲ.

ಡ್ಯಾಶ್‌ಬೋರ್ಡಿಗಿಂತ ಮಿಗಿಲಾದುದು

ಪ್ಲಾಸ್ಟಿಕ್ಕನ್ನೇ ಸೀಳುವ ಈ ಶಾಖವು ಮನುಷ್ಯರ ಪಾಲಿಗೆ ಇನ್ನೆಷ್ಟು ಕ್ರೂರವಾಗಿರಬೇಡ! 2005ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನದಂತೆ, ನಿಂತ ಕಾರಿನೊಳಗೆ ಒಂದು ಗಂಟೆಯಲ್ಲಿ ಏರುವ ಶಾಖದ ಶೇಕಡ 80ರಷ್ಟು ಮೊದಲ ಅರ್ಧ ಗಂಟೆಯಲ್ಲಿಯೇ ಏರುತ್ತದೆ. ಗಾಜನ್ನು ತುಸು ಇಳಿಸಿಟ್ಟರೂ ಹೆಚ್ಚಿನ ಪ್ರಯೋಜನವಿಲ್ಲ. ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಆದ್ದರಿಂದ “ತರಕಾರಿ ಕೊಂಡು ಐದು ನಿಮಿಷದಲ್ಲಿ ಬಂದೆ” ಎಂದು ಮಗುವನ್ನಾಗಲಿ ನಿದ್ರಿಸುವ ವೃದ್ಧರನ್ನಾಗಲಿ ಕಾರಿನಲ್ಲಿ ಬಿಟ್ಟು ಹೋಗಬಾರದು. ಇನ್ಸುಲಿನ್ ಮೊದಲಾದ ಔಷಧಿಗಳನ್ನೂ ಅಲ್ಲಿ ಬಿಡಬಾರದು, ಅವು ಶಕ್ತಿಗುಂದುತ್ತವೆ. ಕಾದ ಕಾರನ್ನು ಹತ್ತುವ ಮೊದಲು ಬಾಗಿಲುಗಳನ್ನೆಲ್ಲ ತೆರೆದು ಬಿಸಿಗಾಳಿಯನ್ನು ಹೊರಬಿಟ್ಟು, ಅನಂತರ ಹೊರಡುವುದು ಕ್ಷೇಮಕರ.

ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಂದಿಗೂ ಎರಡು ಬಿರುಕುಗಳಿವೆ, ಆದರೆ ಮೂರನೆಯದು ಮೂಡಿಲ್ಲ. ಭಾನುವಾರ ಬೆಳಿಗ್ಗೆ ತೀರ್ಥರೂಪರು ಈಗಲೂ ಕಾರಿನ ಬಳಿ ಹೋಗುತ್ತಾರೆ. ಎಣ್ಣೆಯ ಬದಲು ಅವರ ಕೈಯಲ್ಲಿ ಒದ್ದೆ ಬಟ್ಟೆ ಇರುತ್ತದೆ, ಅವರು ಮೊದಲು ಒರೆಸುವುದು ಮುಂಗಾಜನ್ನು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ವಾಹನ ನಡೆಸುವವರಿಗೂ ಅನ್ವಯಿಸುತ್ತದೆ. ಹಳೆಯ ವಾಹನವನ್ನು ಉಳಿಸಿಕೊಂಡ ಬಾಂಧವರು ಈ ಬೇಸಿಗೆ ಬರುವ ಮೊದಲೇ ಒಂದು ಪರದೆಯನ್ನು ಕೊಂಡಿಡಲೆಂದೂ, ಮುಂಗಾಜಿನ ಒಳಬದಿಗೆ ಒಮ್ಮೆ ಬೆರಳು ತಾಗಿಸಿ ನೋಡಲೆಂದೂ ನನ್ನ ವಿನಮ್ರ ಪ್ರಾರ್ಥನೆ.