ಔಷಧಕ್ಕೆ ಬಗ್ಗದ ಕ್ಷಯ

ಕ್ಷಯರೋಗದ ಕ್ರಿಮಿಯನ್ನು ಜರ್ಮನಿಯ ರಾಬರ್ಟ್ ಕಾಖ್ ಪಂಡಿತನು 1882ರಲ್ಲಿ ಕಂಡುಹಿಡಿದನು. ಅಂದಿನಿಂದ ಬಹುಕಾಲ ಕಫವನ್ನು ಸೂಕ್ಷ್ಮದರ್ಶಕದಿಂದ ನೋಡುವುದೇ ರೋಗನಿರ್ಣಯದ ಮುಖ್ಯಮಾರ್ಗವಾಗಿದ್ದಿತು. ಆದರೆ ಕಣ್ಣಿಗೆ ಬಿದ್ದ ಕ್ರಿಮಿಯು ಔಷಧಕ್ಕೆ ಬಗ್ಗುವುದೋ ಇಲ್ಲವೋ ಎಂಬುದು ಇದರಿಂದ ತಿಳಿಯದು. ಅದನ್ನರಿಯಲು ಕ್ರಿಮಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸಬೇಕು. ಅದಕ್ಕೆ ವಾರಗಳೇ ಹಿಡಿಯುವುವು. ಅಷ್ಟರಲ್ಲಿ ರೋಗಿಯು ನಿಷ್ಫಲವಾದ ಮದ್ದನ್ನು ಸೇವಿಸುತ್ತ, ಮನೆಯವರಿಗೂ ರೋಗವನ್ನು ಹರಡುತ್ತಿರಬಹುದು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಂಗೀಕರಿಸಿದ ಜೀನ್ ಪರೀಕ್ಷೆಯಾದರೋ ಕ್ರಿಮಿಯ ಇರವನ್ನೂ, ಮುಖ್ಯೌಷಧವಾದ ರಿಫಾಂಪಿಸಿನ್ನಿಗೆ ಅದು ಒಡ್ಡುವ ಪ್ರತಿರೋಧವನ್ನೂ ಸುಮಾರು 2 ಗಂಟೆಗಳಲ್ಲಿ ತಿಳಿಸುವುದು.

ನಿರ್ಣಯವು ಶೀಘ್ರವಾದರೂ ಚಿಕಿತ್ಸೆಯು ದೀರ್ಘವಾಗಿಯೇ ಉಳಿದಿದ್ದಿತು. ಒಂದೂವರೆ ವರ್ಷಕ್ಕೂ ಮಿಗಿಲಾದ ಅವಧಿ. ಅದರಲ್ಲಿ ಅನೇಕರ ಶ್ರವಣಶಕ್ತಿಯನ್ನೇ ಅಪಹರಿಸಿದ ಸೂಜಿಮದ್ದು. ನಡುವೆಯೇ ಬಿಟ್ಟುಹೋದವರನ್ನು ದೂಷಿಸುವುದು ನ್ಯಾಯವಲ್ಲ. ಬೆಲಾರೂಸ್, ದಕ್ಷಿಣ ಆಫ್ರಿಕ, ಉಜ್ಬೆಕಿಸ್ತಾನಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ಎಂಬ ನಾಲ್ಕು ಮದ್ದುಗಳನ್ನು ಬಾಯಿಯ ಮೂಲಕವೇ 6 ತಿಂಗಳು ಕೊಡಲಾಯಿತು. ಮರಣ, ಚಿಕಿತ್ಸಾವೈಫಲ್ಯ ಮೊದಲಾದ ಪ್ರತಿಕೂಲ ಫಲವು ಹಳೆಯ ಕ್ರಮದಲ್ಲಿ ನೂರಕ್ಕೆ 48 ಮಂದಿಗೆ ಒದಗಿದರೆ, ಇದರಲ್ಲಿ 11 ಮಂದಿಗೆ ಮಾತ್ರ ಒದಗಿತು. ಭಾರತ ಸರ್ಕಾರವು 2024ರಲ್ಲಿ ಈ ಕ್ರಮಕ್ಕೆ ಒಪ್ಪಿಗೆಯಿತ್ತಿತು. ಲಿನೆಜೊಲಿಡ್ ರಕ್ತವನ್ನೂ ನರಗಳನ್ನೂ ಬಾಧಿಸಬಲ್ಲುದಾದುದರಿಂದ ರೋಗಿಯನ್ನು ಆಗಾಗ ಪರೀಕ್ಷಿಸುತ್ತಿರುವುದು ಅವಶ್ಯಕ.