ತೋಟದ ನಾಯಿಗೆ ಒಣಕೆಮ್ಮು: ಕೆನಲ್ ಕಾಫ್ ಗುರುತಿಸೋದು ಹೇಗೆ?

ನಿನ್ನೆವರೆಗೂ ಮಂಗ, ಹಂದಿ ಓಡಿಸ್ತಿದ್ದ ನಾಯಿ ಇವತ್ತು ಕತ್ತು ಚಾಚಿ ಖೊಕ್ ಖೊಕ್ ಅಂತ ಕೆಮ್ಮುತ್ತೆ, ಕೊನೆಗೆ ಬಿಳಿ ನೊರೆ ಕಕ್ಕುತ್ತೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂದ್ಕೊಳ್ಳೋರೇ ಹೆಚ್ಚು. ಆದ್ರೆ ಊಟ, ಓಡಾಟ ಎಂದಿನಂತೇ ಇದ್ರೆ ಅದು ಬಹುಶಃ ಕೆನಲ್ ಕಾಫ್ ಎಂಬ ಅಂಟುರೋಗ.

ಹೇಗೆ ಬರುತ್ತೆ?

ಬೊರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ, ಪ್ಯಾರಾಇನ್‌ಫ್ಲುಯೆಂಜಾ, ಅಡಿನೋದಂಥ ವೈರಸ್‌ಗಳು ಒಂಟಿಯಾಗಿ ಇಲ್ಲವೇ ಒಟ್ಟಾಗಿ ಶ್ವಾಸನಾಳಕ್ಕೆ ತಗುಲುತ್ತವೆ. ಕೆಮ್ಮಿದಾಗ ಹಾರುವ ಹನಿ, ಹಂಚಿಕೊಂಡ ನೀರಿನ ಪಾತ್ರೆ ಸಾಕು. ದಟ್ಟವಾಗಿ ಬಿತ್ತಿದ ಸಸಿಮಡಿಯಲ್ಲಿ ಕೊಳೆರೋಗ ಹಬ್ಬಿದ ಹಾಗೆ, ನಾಯಿಗಳು ಗುಂಪಾಗಿರೋ ಕಡೆ ಬೇಗ ಹರಡುತ್ತೆ. ಸೋಂಕು ತಗುಲಿದ 2ರಿಂದ 14 ದಿನದೊಳಗೆ ಕೆಮ್ಮು ಕಾಣಿಸುತ್ತೆ.

ಆರೈಕೆ

ಗಟ್ಟಿಮುಟ್ಟಾದ ನಾಯಿಗೆ ಸಾಮಾನ್ಯವಾಗಿ 1ರಿಂದ 3 ವಾರದಲ್ಲಿ ವಾಸಿಯಾಗುತ್ತೆ.

- ಬೇರೆ ನಾಯಿಗಳಿಂದ ದೂರ ಇಡಿ. ತಟ್ಟೆ, ನೀರಿನ ಪಾತ್ರೆ ಪ್ರತ್ಯೇಕ ಇರಲಿ.
- ಕುತ್ತಿಗೆ ಬೆಲ್ಟ್ ಬಿಚ್ಚಿ. ಅದು ಒತ್ತಿದಷ್ಟೂ ಕೆಮ್ಮು ಕೆರಳುತ್ತೆ. ಕಟ್ಟಲೇಬೇಕಾದ್ರೆ ಎದೆಗೆ ಹಾಕೋ ಬೆಲ್ಟ್ ಬಳಸಿ.
- ಒಲೆ ಹೊಗೆ, ದೂಳಿನಿಂದ ದೂರ, ಗಾಳಿಯಾಡೋ ಜಾಗದಲ್ಲಿ ಮಲಗಿಸಿ.
- ಮೆತ್ತನೆ ಅನ್ನ, ಬೇಕಾದಷ್ಟು ನೀರು ಕೊಡಿ. ಓಡಿಸಬೇಡಿ.

ಇದನ್ನ ಕೊಡ್ಬೇಡಿ

ಪ್ಯಾರಾಸಿಟಮಾಲ್, ಐಬುಪ್ರೊಫೆನ್, ನಮ್ಮ ಕೆಮ್ಮಿನ ಸಿರಪ್ ಬೇಡವೇ ಬೇಡ. ಸಾವಯವ ಅಂತ ಈರುಳ್ಳಿ, ಬೆಳ್ಳುಳ್ಳಿ ಕಷಾಯ ಕುಡಿಸೋದೂ ತಪ್ಪು. ಇವೆರಡೂ ನಾಯಿಯ ಕೆಂಪು ರಕ್ತಕಣಗಳನ್ನ ಹಾಳು ಮಾಡುತ್ತವೆ. ಬೆಳ್ಳುಳ್ಳಿ ಕಷಾಯ ಬೆಳೆಗಿರಲಿ, ನಾಯಿಗೆ ಬೇಡ.

ಡಾಕ್ಟರ್ ಹತ್ರ ಯಾವಾಗ?

ಊಟ ಬಿಟ್ಟರೆ, ಜ್ವರ ಅಥವಾ ಏದುಸಿರು ಬಂದ್ರೆ, ಕಣ್ಣು ಮೂಗಿಂದ ಗಟ್ಟಿ ಸಿಂಬಳ ಸುರಿದ್ರೆ ಕಾಯಬೇಡಿ. ನ್ಯುಮೋನಿಯಾ ಅಥವಾ ಪ್ರಾಣ ತೆಗೆಯೋ ಡಿಸ್ಟೆಂಪರ್ ಇರಬಹುದು. ಮರಿ, ಮುದಿ ನಾಯಿ, ಗಬ್ಬದ ನಾಯಿ ಆದ್ರೆ ಕೆಮ್ಮು ಶುರುವಾದ ದಿನವೇ ತೋರಿಸಿ. ಆಸ್ಪತ್ರೆಯಲ್ಲಿ ನಾಯಿ ಕೆಮ್ಮದೇ ಇರಬಹುದು, ಅದಕ್ಕೇ ಮೊದಲೇ ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳಿ.

ಇನ್ನೊಂದು ಎಚ್ಚರ: ರೇಬೀಸ್ ಬಂದ ನಾಯಿಯೂ ಗಂಟಲಲ್ಲಿ ಏನೋ ಸಿಕ್ಕಿದ ಹಾಗೆ ಒದ್ದಾಡುತ್ತೆ. ಜೊಲ್ಲು ಸುರೀತಿದ್ರೆ, ನುಂಗೋಕಾಗದಿದ್ರೆ, ಸ್ವಭಾವ ಬದಲಾಗಿದ್ರೆ ಬಾಯಿಗೆ ಕೈ ಹಾಕಲೇಬೇಡಿ. ದೂರದಿಂದಲೇ ಡಾಕ್ಟರ್‌ಗೆ ತಿಳಿಸಿ.

ಲಸಿಕೆ

ಮರಿಗೆ 6ರಿಂದ 8 ವಾರ ತುಂಬಿದಾಗ ಲಸಿಕೆ ಶುರು ಮಾಡಿ, 16 ವಾರದವರೆಗೆ 3–4 ವಾರಕ್ಕೊಮ್ಮೆ ಮುಂದುವರಿಸಬೇಕು. ಡಿಸ್ಟೆಂಪರ್, ಅಡಿನೋ ಎರಡಕ್ಕೂ ಒಂದೇ ಸಂಯುಕ್ತ ಲಸಿಕೆ ಇದೆ, ಬೊರ್ಡೆಟೆಲ್ಲಾಕ್ಕೆ ಬೇರೆ. ರೇಬೀಸ್ ಲಸಿಕೆಯ ದಿನವನ್ನೂ ಡಾಕ್ಟರ್‌ನ್ನ ಕೇಳಿ, ಈಗಲೇ ಮೊಬೈಲಲ್ಲಿ ರಿಮೈಂಡರ್ ಹಾಕ್ಕೊಳ್ಳಿ.