ತಮಟೆಯ ಬೆಲೆ ಕಟ್ಟುವ ಬಗೆ

1880ರ ದಶಕದಿಂದ 2001ರವರೆಗೆ ಚಿನ್ನದ ಗಣಿಗಾರಿಕೆ ನಡೆದ ಕೋಲಾರ ಚಿನ್ನದ ಗಣಿಗಳ (ಕೆ.ಜಿ.ಎಫ್.) ನೆಲದಲ್ಲಿ ಲೋಹವನ್ನು ಒರೆಗೆ ಹಚ್ಚಿ, ತೂಗಿ ಬೆಲೆ ನಿಶ್ಚಯಿಸುವ ಕ್ರಮ ಎಲ್ಲರಿಗೂ ಪರಿಚಿತ. ಆದರೆ ಅದೇ ನೆಲದ ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗಳ ಸುತ್ತಿನಲ್ಲಿ ಜಾತ್ರೆ, ಮೆರವಣಿಗೆ, ಶವಯಾತ್ರೆಗಳಲ್ಲಿ ಮೊಳಗುವ ತಮಟೆಗೆ ಅಂಥ ಒರೆಗಲ್ಲು ಇಲ್ಲದಿರುವುದರಿಂದ, ಕೈಯಿಂದ ಮಾಡಿದ ಈ ವಾದ್ಯದ ಮೌಲ್ಯವನ್ನು ಅಳೆಯುವ ಬಗೆಯನ್ನು ಬೇರೆಯಾಗಿಯೇ ವಿಚಾರಿಸಬೇಕಾಗುತ್ತದೆ. ಇಲ್ಲಿನ ತಮಿಳು ಕಾರ್ಮಿಕ ಕುಟುಂಬಗಳು ಪರೈ ಎಂದು ಕರೆಯುವ ವಾದ್ಯವೂ ಇದರ ಹತ್ತಿರದ ಬಂಧುವೇ ಆಗಿದೆ.

ತಮಟೆ ಒಂದೇ ಮುಖದ ಚರ್ಮವಾದ್ಯ. ಮರದ ಅಥವಾ ಕಬ್ಬಿಣದ ಬಳೆಗೆ, ನೆನೆಸಿ ಕೂದಲು ಹೆರೆದು ಹದಮಾಡಿದ ಕರುವಿನ ಅಥವಾ ಮೇಕೆಯ ಚರ್ಮವನ್ನು ಹಸಿಯಾಗಿರುವಾಗಲೇ ಎಳೆದು ಬಿಗಿದು ಒಣಗಿಸಲಾಗುತ್ತದೆ. ಗಾಳಿಯ ತೇವವನ್ನು ಹೀರಿ ಚರ್ಮ ಸಡಿಲವಾಗುವುದರಿಂದ ನುಡಿಸುವ ಮೊದಲು ಬೆಂಕಿಗೆ ಕಾಯಿಸುತ್ತಾರೆ. ಆದ್ದರಿಂದ ಪರೀಕ್ಷೆಯೂ ಬೆಂಕಿಯ ಬಳಿಯೇ ನಡೆಯಬೇಕು: ಬಳೆ ದುಂಡಾಗಿದೆಯೇ, ಬೆಸುಗೆ ಅಥವಾ ಜೋಡಣೆ ಗಟ್ಟಿಯಾಗಿದೆಯೇ, ಚರ್ಮದ ದಪ್ಪ ಎಲ್ಲೆಡೆ ಒಂದೇ ಆಗಿದೆಯೇ ಎಂದು ನೋಡಿ, ಕಾಯಿಸಿದ ಬಳಿಕ ನಡುವಿನ ಗಂಭೀರ ನಾದವೂ ಅಂಚಿನ ಚೂಪು ನಾದವೂ ಬೇರೆಬೇರೆಯಾಗಿ ಕೇಳುತ್ತವೆಯೇ, ಆ ಬಿಗಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು.

ಹಳೆಯ ತಮಟೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬಳಸುತ್ತ ಸವೆದು ಹರಿಯುವ ಚರ್ಮವನ್ನು ಬದಲಿಸುವುದು ವಾಡಿಕೆಯಾದ ಕಾರಣ, ವಾದ್ಯದ ವಯಸ್ಸು ಬಳೆಯಲ್ಲಿ ಉಳಿದಿರುತ್ತದೆಯೇ ಹೊರತು ಚರ್ಮದಲ್ಲಿ ಅಲ್ಲ. ಹೊಸ ಚರ್ಮವನ್ನು ದೋಷವೆಂದು ಎಣಿಸುವುದು ತಪ್ಪು. 1972ರ ಪುರಾತನ ವಸ್ತುಗಳ ಕಾಯಿದೆ ಸಾಮಾನ್ಯವಾಗಿ ನೂರು ವರ್ಷ ಕಳೆದ ಕಲಾಕೃತಿ, ಕುಶಲ ವಸ್ತುಗಳನ್ನೇ ಪುರಾತನವೆಂದು ಪರಿಗಣಿಸುತ್ತದೆ. ಆದರೆ ಜಾನಪದ ವಾದ್ಯಕ್ಕೆ ವರ್ಷಗಳಷ್ಟೇ ಮುಖ್ಯವಾದುದು ಅದರ ಕೈಬದಲಿಕೆಯ ಚರಿತ್ರೆ, ಅಂದರೆ ಯಾರು ಮಾಡಿದರು, ಯಾರು ನುಡಿಸಿದರು, ಯಾವ ಊರಿನ ಯಾವ ಆಚರಣೆಗೆ ಸೇರಿತ್ತು ಎಂಬ ವಿವರ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಂಥ ಸಂಗ್ರಹಾಲಯಗಳಲ್ಲಿ ವಸ್ತುವಿಗೆ ಅರ್ಥ ತುಂಬುವುದು ಇಂಥ ವಿವರವೇ.

ಕಬ್ಬಿಣದ ಬಳೆಗೆ ಪ್ಲಾಸ್ಟಿಕ್ ಹಾಳೆ ಬಿಗಿದ ತಮಟೆ ಮಳೆಗೆ ಹೆದರುವುದಿಲ್ಲ, ಬೆಂಕಿಯನ್ನೂ ಬೇಡುವುದಿಲ್ಲ. ಅದರ ಬೆಲೆಯನ್ನು ಮುಂದಿಟ್ಟುಕೊಂಡು ಚರ್ಮದ ತಮಟೆಯನ್ನು ಚೌಕಾಸಿ ಮಾಡುವುದು ಅನ್ಯಾಯ, ಏಕೆಂದರೆ ಚರ್ಮ ಹದಮಾಡುವ ದಿನಗಳ ದುಡಿಮೆ ಆ ಲೆಕ್ಕದಲ್ಲಿ ಸೇರುವುದೇ ಇಲ್ಲ. ಈ ದುಡಿಮೆ ಲೆಕ್ಕಕ್ಕೆ ಬಾರದೆ ಹೋದುದರ ಹಿಂದೆ ಜಾತಿಯ ಚರಿತ್ರೆಯಿದೆ: ಸತ್ತ ದನದ ಚರ್ಮ ಸುಲಿಯುವುದನ್ನೂ ಸಾವಿನ ಮನೆಯಲ್ಲಿ ತಮಟೆ ಬಡಿಯುವುದನ್ನೂ ದಲಿತರ ಮೇಲೆ ಬಿಟ್ಟಿ ಚಾಕರಿಯಾಗಿ ಹೇರಿದ ಸಮಾಜ, ಆ ಕೈಗಳ ವಿದ್ಯೆಗೂ ಬೆಲೆಯಿಲ್ಲವೆಂದು ಭಾವಿಸಿತು. ತಮಟೆಯನ್ನು ಬಡಿಯಲು ನಿರಾಕರಿಸಿದವರೂ, ಹೋರಾಟದ ವೇದಿಕೆಗೆ ಹೆಮ್ಮೆಯಿಂದ ತಂದವರೂ ಪ್ರಶ್ನಿಸಿದ್ದು ಈ ಭಾವನೆಯನ್ನೇ. 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿದ್ದ ಚಿಕ್ಕಬಳ್ಳಾಪುರದ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ನುಡಿಸುವ ಕೈಗೆ ಸಂದ ಆ ಮನ್ನಣೆ ವಾದ್ಯವನ್ನು ಮಾಡುವ ಕೈಗೂ ಮುಟ್ಟಬೇಕಾದರೆ, ತಮಟೆಯ ಬೆಲೆಯ ಲೆಕ್ಕ ಆರಂಭವಾಗಬೇಕಾದುದು ಆ ಕೈಯ ನ್ಯಾಯವಾದ ಕೂಲಿಯಿಂದ. ಚರ್ಮ, ಬಳೆ, ವಯಸ್ಸು ಇವೆಲ್ಲ ಅದರ ಮೇಲೆ ಕೂಡಿಸುವ ಮೊತ್ತಗಳು.